ಕಪ್ಪು ಕಲೆಯ ಲೆಕ್ಕ: ಬೆಹಾಲಾದ ಒಂದು ಈಜುಕೊಳ

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಈಜುಕೊಳದ ಕಲೆಯ ವಿಚಾರ ಯಾಕಪ್ಪಾ ಎಂದು ಮಿತ್ರರು ಕೇಳಬಹುದು. ಕವನ ಬರೆಯುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕಾಮರ್ಸ್ ವಿದ್ಯಾರ್ಥಿ. ನನಗೆ ಬರುವುದು ಜಮಾ-ಖರ್ಚು. ಆದರೆ ಯಾರೂ ನೋಡಿಕೊಳ್ಳದೆ ಬಿಟ್ಟ ಕೊಳದ ನೀರು ಏಕೆ ಕೆಟ್ಟಿತು, ಅದರ ನೆಲದ ಮೇಲೆ ಕಪ್ಪು ಕಲೆ ಏಕೆ ಬಿತ್ತು ಎಂದು ಹುಡುಕುವುದೂ ಒಂದು ಬಗೆಯ ಲೆಕ್ಕ ತಪಾಸಣೆಯೇ. ಯಾವುದೋ ಪದಾರ್ಥ ಒಳಗೆ ಬಂದಿದೆ, ಹೊರಗೆ ಹೋಗಿಲ್ಲ. ಅದೇ ಕಲೆಯಾಗಿ ಕೂತಿದೆ. ಏನು ಬಂತು, ಯಾವ ದಾರಿಯಿಂದ ಬಂತು ಎಂದು ತಿಳಿಯದೆ ಆಸಿಡ್ ಸುರಿಯುವುದೆಂದರೆ, ಲೆಡ್ಜರ್ ನೋಡದೆ ರಬ್ಬರಿನಿಂದ ಅಂಕಿ ಅಳಿಸಿದ ಹಾಗೆ. ಈ ಮಾತನ್ನು ಒಂದು ನಿಜವಾದ ಉದಾಹರಣೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆ ನಮ್ಮೂರಿನದಲ್ಲ, ಕೋಲ್ಕತಾ ನಗರದ ದಕ್ಷಿಣಕ್ಕಿರುವ ಬೆಹಾಲಾದ್ದು. ನನ್ನ ಭಾವನಿಗೆ ಅಲ್ಲಿ ನೌಕರಿ. ಸೆಮಿಸ್ಟರ್ ರಜೆಯಲ್ಲಿ, ಮಳೆ ಹಿಡಿದುಕೊಂಡ ಮೇಲೆ, ನಾನು ಅಕ್ಕನ ಮನೆಗೆ ಹೋಗಿದ್ದೆ. ಅವರಿರುವ ವಠಾರದ ನಡುವೆ 15 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಈಜುಕೊಳವಿದೆ. ಸರಾಸರಿ ಆಳ 1.2 ಮೀಟರ್. ಅಂದರೆ 126 ಘನ ಮೀಟರ್, ಅಥವಾ 1,26,000 ಲೀಟರ್ ನೀರು. ಪಂಪು ಕೆಟ್ಟು ಎರಡು ಬೇಸಿಗೆ ಕಳೆದಿದ್ದವು. ನೀರು ಹಳಸಿದ ಟೀ ಬಣ್ಣಕ್ಕೆ ತಿರುಗಿತ್ತು. ಮೆಟ್ಟಿಲ ಮೇಲೂ ನೆಲದ ಮೇಲೂ ಮಸಿ ಚೆಲ್ಲಿದಂಥ ಕಲೆಗಳು. ಈಜು ಕಲಿಯಬೇಕಾದ ಮಕ್ಕಳು ಬಾಲ್ಕನಿಯಲ್ಲಿ ನಿಂತು ಕೊಳವನ್ನು ನೋಡುತ್ತಿದ್ದರು, ಅಷ್ಟೆ. ವಠಾರದ ಸಭೆಯಲ್ಲಿ ಮೂರು ಸಲಹೆ ಬಂದವು. ಒಬ್ಬರು, ನೀರು ಖಾಲಿ ಮಾಡಿ ಆಸಿಡ್‌ನಲ್ಲಿ ತೊಳೆಸೋಣ ಎಂದರು. ಇನ್ನೊಬ್ಬರು, ಒಂದು ಮೂಟೆ ಬ್ಲೀಚಿಂಗ್ ಪೌಡರ್ ಸುರಿದರೆ ಸಾಕು ಎಂದರು. ಮೂರನೆಯವರು, ಮಣ್ಣು ತುಂಬಿಸಿ ಕಾರು ನಿಲ್ಲಿಸೋಣ ಎಂದರು. ಮೂವರಲ್ಲಿ ಒಬ್ಬರೂ ಆ ಕಲೆ ಏನು ಎಂದು ಹೇಳಲಿಲ್ಲ.

ಕೆರೆ ಬೇರೆ, ಈಜುಕೊಳ ಬೇರೆ

ಮೊದಲು ಒಂದು ಭೇದ ತಿಳಿದಿರಬೇಕು. ಬೆಹಾಲಾದ ತುಂಬ ಹಳೆಯ ಹೊಂಡಗಳಿವೆ. ಬಂಗಾಳಿಯಲ್ಲಿ ಅವಕ್ಕೆ ಪುಕುರ್ ಅನ್ನುತ್ತಾರೆ. ನಮ್ಮ ಕಡೆಯ ಕಟ್ಟೆ, ಕಲ್ಯಾಣಿಗಳ ನೆನಪಾಗುತ್ತದೆ. ಪುಕುರಿನ ನೀರು ಹಸಿರಾಗಿದ್ದರೂ ಅದಕ್ಕೆ ರೋಗ ಬಂದಿದೆ ಎಂದರ್ಥವಲ್ಲ. ಕೆಳಗೆ ಕೆಸರಿದೆ, ಕೆಸರಿನಲ್ಲಿ ಸೂಕ್ಷ್ಮಜೀವಿಗಳಿವೆ, ಪಾಚಿಯನ್ನು ತಿನ್ನುವ ಹುಳುಗಳಿವೆ, ಹುಳುಗಳನ್ನು ತಿನ್ನುವ ಮೀನಿದೆ. ಬಿದ್ದ ಎಲೆಯನ್ನು ಯಾರೋ ಒಬ್ಬರು ಉಂಡು ಮುಗಿಸುತ್ತಾರೆ. ಈಜುಕೊಳದಲ್ಲಿ ಹೀಗೆ ಉಣ್ಣುವವರು ಯಾರೂ ಇಲ್ಲ. ಅದು ಸಿಮೆಂಟಿನ ಪೆಟ್ಟಿಗೆ. ಅಲ್ಲಿ ಮೂರು ಕೆಲಸ ಮನುಷ್ಯನೇ ಮಾಡಬೇಕು: ನೀರನ್ನು ತಿರುಗಿಸುತ್ತಿರಬೇಕು, ಸೋಸಬೇಕು, ಕ್ಲೋರೀನ್ ಇಡಬೇಕು. ಪಂಪು ನಿಂತ ದಿನ ಮೂರೂ ನಿಲ್ಲುತ್ತವೆ. ಆಮೇಲೆ ಬಿದ್ದ ಎಲೆ ಬಿದ್ದಲ್ಲೇ ಕೊಳೆಯುತ್ತದೆ, ಬಂದ ಕಬ್ಬಿಣ ಬಂದಲ್ಲೇ ಕೂರುತ್ತದೆ.

ಕ್ಲೋರೀನ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದೂ ಅಲ್ಲ. ನೀರಿನ ಪಿ.ಎಚ್. 7.5 ಇದ್ದಾಗ ಕ್ಲೋರೀನಿನ ಸುಮಾರು ಅರ್ಧ ಭಾಗ ಮಾತ್ರ ಕ್ರಿಮಿ ಕೊಲ್ಲುವ ಚುರುಕಿನ ರೂಪದಲ್ಲಿರುತ್ತದೆ, 8.5ಕ್ಕೆ ಏರಿದರೆ ಅದು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರ್, ನಮ್ಮ ಹೈಸ್ಕೂಲು ಪಠ್ಯದ ಚಲುವೆ ಪುಡಿ, ಸ್ವತಃ ಪ್ರತ್ಯಾಮ್ಲೀಯ. ಹಾಕುತ್ತಾ ಹೋದರೆ ಪಿ.ಎಚ್. ತಾನೇ ಏರುತ್ತದೆ. ಆದ್ದರಿಂದ ಪಿ.ಎಚ್. ನೋಡದೆ ಮೂಟೆಗಟ್ಟಲೆ ಪುಡಿ ಹಾಕಿದವನಿಗೆ ಖರ್ಚು ಜಾಸ್ತಿ, ಫಲ ಕಡಿಮೆ. ಸಾಮಾನ್ಯವಾಗಿ ಪಿ.ಎಚ್. 7.2ರಿಂದ 7.8ರ ಒಳಗೆ, ಕ್ಲೋರೀನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳುತ್ತಾರೆ.

ಏನು ಸುರಿಯುತ್ತಿದ್ದೇವೆ ಎಂದು ತಿಳಿಯದೆ ಸುರಿದರೆ ದೊಡ್ಡವರಿಗೂ ಏನಾಗುತ್ತದೆ ಎಂಬುದನ್ನು 2016ರ ಆಗಸ್ಟಿನಲ್ಲಿ ಪ್ರಪಂಚವೇ ನೋಡಿತು. ರಿಯೋ ಒಲಿಂಪಿಕ್ಸಿನಲ್ಲಿ ಡೈವಿಂಗ್ ಕೊಳ ರಾತ್ರಿ ಕಳೆಯುವಷ್ಟರಲ್ಲಿ ಹಸಿರಾಯಿತು. ಗುತ್ತಿಗೆದಾರರು 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಅದೂ ಶುದ್ಧ ಮಾಡುವ ವಸ್ತುವೇ, ಕ್ಲೋರೀನೂ ಶುದ್ಧ ಮಾಡುವ ವಸ್ತುವೇ. ಎರಡೂ ಸೇರಿದಾಗ ಒಂದನ್ನೊಂದು ವಜಾ ಮಾಡಿಕೊಂಡವು, ಲಾಭ ಪಾಚಿಗಾಯಿತು.

ಬೆಹಾಲಾದ ನೀರಿನ ಗುಣ

ನಮ್ಮ ಕೋಲಾರ, ತುಮಕೂರಿನ ಬೋರ್‌ವೆಲ್ ನೀರನ್ನು ಬಕೆಟ್ಟಿನಲ್ಲಿಟ್ಟರೆ ಬಿಳಿ ಪದರ ಕಟ್ಟುತ್ತದೆ. ಬೆಹಾಲಾದ ಟ್ಯೂಬ್‌ವೆಲ್ ನೀರು ಬಕೆಟ್ಟಿಗೆ ಕೆಂಪು ಪಟ್ಟಿ ಬಿಡುತ್ತದೆ. ಕಾರಣ ನೆಲದಲ್ಲಿದೆ. ನಮ್ಮದು ಬಂಡೆಯ ನೆಲ. ಕೋಲ್ಕತಾ ಕೂತಿರುವುದು ನದಿ ತಂದು ಹಾಸಿದ ಮಣ್ಣಿನ ಮೇಲೆ. ಮೇಲೆ ದಪ್ಪನೆಯ ಜೇಡಿಯ ಪದರ, ನಡುನಡುವೆ ಹಳೆಯ ಸಸ್ಯಗಳು ಕೊಳೆತು ಹೂತ ಪದರ, ಅದರ ಕೆಳಗೆ ನೀರಿರುವ ಮರಳು. ಆ ಆಳದಲ್ಲಿ ಆಮ್ಲಜನಕ ಇಲ್ಲ. ಆಮ್ಲಜನಕ ಇಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಸಕ್ಕರೆಯ ಹಾಗೆ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಂಪಿನಿಂದ ಮೇಲೆ ಬಂದ ನೀರು ತಿಳಿಯಾಗಿಯೇ ಇರುತ್ತದೆ. ಗಾಳಿ ತಗುಲಿದ ಮೇಲೆ ಕಬ್ಬಿಣ ಉತ್ಕರ್ಷಣ ಹೊಂದಿ, ಕರಗದ ತುಕ್ಕಾಗಿ ತಳಕ್ಕೆ ಇಳಿಯುತ್ತದೆ. ಕ್ಲೋರೀನ್ ಹಾಕಿದರೆ ಈ ಕೆಲಸ ಗಂಟೆಗಳ ಬದಲು ನಿಮಿಷಗಳಲ್ಲಿ ಮುಗಿಯುತ್ತದೆ. ತಿಳಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಕೂಡಲೇ ನೀರು ಕೆಂಪಾಯಿತು, ಪುಡಿಯೇ ಕಳಪೆ ಎಂದು ಜನ ಬೈಯುವುದುಂಟು. ತಪ್ಪು ಪುಡಿಯದಲ್ಲ, ಒಳಗೆ ಅಡಗಿದ್ದ ಕಬ್ಬಿಣವನ್ನು ಅದು ಹೊರಗೆ ಹಾಕಿತು.

ಬೆಹಾಲಾ ಮೊದಲು ಕಲ್ಕತ್ತೆಯ ನಗರಸಭೆಗೆ ಸೇರಿರಲಿಲ್ಲ. ಸೌತ್ ಸಬರ್ಬನ್ ಎಂಬ ಪ್ರತ್ಯೇಕ ಪುರಸಭೆಯಲ್ಲಿತ್ತು. 1984ರಲ್ಲಿ ಅದು ಕಾರ್ಪೊರೇಷನ್ನಿಗೆ ಸೇರಿತು. ಹೂಗ್ಲಿ ನದಿಯ ನೀರನ್ನು ಗಾರ್ಡನ್ ರೀಚ್‌ನಲ್ಲಿ ಶುದ್ಧೀಕರಿಸಿ ಈ ಕಡೆಗೆ ಕೊಡುತ್ತಾರೆ. ಆ ನೀರು ಕುಡಿಯಲು, ಅಡಿಗೆಗೆ. ಕೊಳದಂಥ ದೊಡ್ಡ ಹೊಟ್ಟೆಗೆ ಅನೇಕ ಕಡೆ ಟ್ಯೂಬ್‌ವೆಲ್ ನೀರೇ ಗತಿ. ನಮ್ಮ ವಠಾರದಲ್ಲೂ ಹಾಗೆಯೇ ಮಾಡಿದ್ದರು.

ಈಗ ಲೆಕ್ಕ ನೋಡೋಣ. ಲೀಟರಿಗೆ 0.3 ಮಿಲಿಗ್ರಾಂ ಕಬ್ಬಿಣವಿದ್ದರೇ ಬಟ್ಟೆ, ಪಾತ್ರೆಗಳಲ್ಲಿ ಕಲೆ ಕಾಣಿಸತೊಡಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. 1,26,000 ಲೀಟರಿನಲ್ಲಿ 126 ಗ್ರಾಂ ಕಬ್ಬಿಣ. ಅದು ತುಕ್ಕಾದಾಗ ಆಮ್ಲಜನಕವೂ ನೀರೂ ಸೇರಿ ತೂಕ ಹೆಚ್ಚುತ್ತದೆ. ಸುಮಾರು 240 ಗ್ರಾಂ, ಅಂದರೆ ಹೆಚ್ಚು ಕಡಿಮೆ ಕಾಲು ಕಿಲೋ. ಇದು ಒಂದು ಸಲ ತುಂಬಿದ ಲೆಕ್ಕ. ಬಿಸಿಲಿಗೆ ಒಂದು ಸೆಂಟಿಮೀಟರ್ ನೀರು ಆರಿದರೆ 1,050 ಲೀಟರ್ ಹೊಸ ನೀರು ಸೇರಿಸಬೇಕು. ಆರುವುದು ಬರೀ ನೀರು, ಕಬ್ಬಿಣ ಆರುವುದಿಲ್ಲ. ಪ್ರತಿ ಸಲ ತುಂಬಿಸಿದಾಗಲೂ ಹೊಸ ಕಬ್ಬಿಣ ಹಳೆಯದರ ಜೊತೆಗೆ ಸೇರುತ್ತಾ ಹೋಗುತ್ತದೆ. ಚಕ್ರಬಡ್ಡಿ ಎಂದರೆ ಇದೇ ಅಲ್ಲವೆ?

ನೀರಿನಲ್ಲಿ ಕಬ್ಬಿಣ ಇದೆಯೇ ಎಂದು ತಿಳಿಯಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ತೆರೆದಿಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಕಂಡರೆ ಕಬ್ಬಿಣ. ಬಂಗಾಳದ ಹಳ್ಳಿಗಳಲ್ಲಿ ಸೀಬೆ ಎಲೆಯನ್ನು ಜಜ್ಜಿ ನೀರಿಗೆ ಹಾಕಿ ನೋಡುವ ರೂಢಿಯುಂಟು. ನೀರು ನೇರಳೆ ಕಪ್ಪಾದರೆ ಕಬ್ಬಿಣ ಹೆಚ್ಚು. ಅಕ್ಕನ ಅಡಿಗೆಮನೆಯಲ್ಲಿ ನಾನು ಡಿಕಾಕ್ಷನ್ನಿನಿಂದಲೇ ಇದನ್ನು ಮಾಡಿದೆ. ಗಟ್ಟಿ ಟೀ ಡಿಕಾಕ್ಷನ್ನಿನ ಎರಡು ಲೋಟಗಳಲ್ಲಿ ಒಂದಕ್ಕೆ ಕಾರ್ಪೊರೇಷನ್ ನೀರು, ಇನ್ನೊಂದಕ್ಕೆ ಟ್ಯೂಬ್‌ವೆಲ್ ನೀರು ಹೊಯ್ದೆ. ಎರಡನೆಯದು ಸ್ವಲ್ಪ ಹೊತ್ತಿನಲ್ಲಿ ಶಾಯಿಯ ಹಾಗೆ ಕಪ್ಪಿಟ್ಟಿತು. ಈ ಲೋಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ದಕ್ಷಿಣ ಬಂಗಾಳದ ಅಂತರ್ಜಲದಲ್ಲಿ ಹಲವೆಡೆ ಆರ್ಸೆನಿಕ್ ಇದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ಕಲೆಯೂ ಬೀಳುವುದಿಲ್ಲ. ಆದುದರಿಂದ ಕಲೆ ಬೀಳದ ನೀರೆಲ್ಲಾ ಕುಡಿಯಲು ಯೋಗ್ಯ ಎಂದು ಯಾರೂ ತಿಳಿಯಬಾರದು. ಅದಕ್ಕೆ ಪ್ರಯೋಗಶಾಲೆಯ ಪರೀಕ್ಷೆಯೇ ಆಗಬೇಕು.

ಕಲೆಯನ್ನು ವಿಚಾರಿಸುವ ಬಗೆ

ವೈದ್ಯರು ನಾಡಿ ಹಿಡಿಯುವ ಮೊದಲು ರೋಗಿಯನ್ನು ನೋಡುತ್ತಾರೆ. ಹಾಗೆಯೇ ಮೊದಲು ಕಲೆ ಎಲ್ಲಿದೆ ಎಂದು ನೋಡಬೇಕು. ಮರದ ಕೆಳಗಿನ ಮೂಲೆಯಲ್ಲೇ ಹೆಚ್ಚಿದ್ದರೆ ಎಲೆಯ ಮೇಲೆ ಅನುಮಾನ. ನೀರು ಬೀಳುವ ಕೊಳವೆಯ ಬಾಯಲ್ಲಿದ್ದರೆ ನೀರಿನ ಲೋಹದ ಮೇಲೆ. ಏಣಿಯ ಕಾಲ ಬುಡದಲ್ಲಿದ್ದರೆ ಏಣಿಯ ಮೇಲೆ. ನೀರಿನ ಅಂಚಿನ ಉದ್ದಕ್ಕೂ ಜಿಡ್ಡು ಪಟ್ಟಿ ಇದ್ದರೆ ಮೈಯೆಣ್ಣೆ, ಧೂಳು. ಒಂದೇ ಬಿಂದುವಿನಿಂದ ತುಕ್ಕು ಒಸರುತ್ತಿದ್ದರೆ, ಅದು ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದ ಗುರುತು. ಅದನ್ನು ಯಾವ ದ್ರಾವಣದಿಂದ ತೊಳೆದೂ ಪ್ರಯೋಜನವಿಲ್ಲ, ಒಡೆದು ರಿಪೇರಿ ಮಾಡಿಸಬೇಕು.

ಎರಡನೆಯದಾಗಿ ಬಣ್ಣ. ಕೆಂಪು ಕಂದು ಇದ್ದರೆ ಕಬ್ಬಿಣ. ನೀಲಿ ಹಸಿರು ಇದ್ದರೆ ತಾಮ್ರ. ಪಾಚಿ ಕೊಲ್ಲಲೆಂದು ಮೈಲುತುತ್ತ ಹಾಕುವ ಕಡೆ ಇದು ಸಾಮಾನ್ಯ. ನೇರಳೆ ಮಿಶ್ರಿತ ಕಪ್ಪಾದರೆ ಮ್ಯಾಂಗನೀಸ್ ಇರಬಹುದು. ಅಂತರ್ಜಲದಲ್ಲಿ ಅದು ಕಬ್ಬಿಣದ ಜೊತೆಗಾರ. ಆದರೆ ಕಪ್ಪು ಎಂಬುದು ಒಂದೇ ಬಣ್ಣವಲ್ಲ, ಅನೇಕ ಕಾರಣಗಳು ಹೋಗಿ ಸೇರುವ ಜಾಗ. ಅದಕ್ಕೇ ಮೂರನೆಯ ಹಂತ, ಪರೀಕ್ಷೆ.

ಮೊದಲ ಪರೀಕ್ಷೆ ಬ್ರಷ್ಷಿನದು. ಉಜ್ಜಿದಾಗ ಮೋಡದ ಹಾಗೆ ಎದ್ದು ಹೋದರೆ ಅದು ಕಲೆಯೇ ಅಲ್ಲ, ಕೂತ ಗಸಿ. ಸಣ್ಣ ಗುಳ್ಳೆಯಂತೆ ಉಬ್ಬಿದ್ದು, ಜಾರಿ, ಕೆರೆದರೆ ಹಸಿರು ಮಸಿ ಬಂದರೆ ಅದು ಕರಿ ಪಾಚಿ. ನಿಜವಾಗಿ ಅದು ಪಾಚಿಯಲ್ಲ, ನೀಲಿಹಸಿರು ಬ್ಯಾಕ್ಟೀರಿಯಾದ ಗುಂಪು. ಸಿಮೆಂಟಿನ ರಂಧ್ರಗಳಲ್ಲಿ ಕಾಲೂರಿ, ಮೇಲೆ ಅಂಟಿನ ಪದರ ಹೊದ್ದಿರುತ್ತದೆ. ಆದ್ದರಿಂದ ನೀರಿನಲ್ಲಿ ಕ್ಲೋರೀನಿದ್ದರೂ ಬದುಕುತ್ತದೆ. ಗಟ್ಟಿ ಬ್ರಷ್ಷಿನಿಂದ ಪದರ ಹರಿದ ಮೇಲೆಯೇ ಔಷಧಿ ಅದಕ್ಕೆ ತಗಲುವುದು.

ಎರಡನೆಯದು ಕ್ಲೋರೀನಿನ ಪರೀಕ್ಷೆ. ಹಳೆಯ ಕಾಲುಚೀಲದಲ್ಲಿ ಸ್ವಲ್ಪ ಬ್ಲೀಚಿಂಗ್ ಪೌಡರ್ ಕಟ್ಟಿ, ಕೈಗವಸು ಹಾಕಿಕೊಂಡು, ಕಲೆಯ ಮೇಲೆ ಕೆಲವು ನಿಮಿಷ ಇಡಬೇಕು. ಕಲೆ ತೆಳುವಾದರೆ ಅದು ಎಲೆ, ಪಾಚಿ ಮುಂತಾದ ಜೈವಿಕ ಕಲೆ.

ಮೂರನೆಯದು ವಿಟಮಿನ್ ಸಿ ಪರೀಕ್ಷೆ. ಔಷಧಿ ಅಂಗಡಿಯ ಮಾತ್ರೆಯನ್ನೇ ಬೇರೆ ಒಂದು ಕಲೆಯ ಮೇಲೆ ಅರ್ಧ ನಿಮಿಷ, ಒಂದು ನಿಮಿಷ ಒತ್ತಿ ಹಿಡಿಯಬೇಕು. ತೆಳುವಾದರೆ ಲೋಹದ ಕಲೆ. ಬಿಳಿ ಪಂಚೆಗೆ ತುಕ್ಕು ಹತ್ತಿದಾಗ ನಮ್ಮ ಅಜ್ಜಿಯಂದಿರು ನಿಂಬೆಹಣ್ಣು ಉಪ್ಪು ಹಾಕಿ ಉಜ್ಜುತ್ತಿದ್ದದ್ದು ಹೆಚ್ಚು ಕಡಿಮೆ ಇದೇ ವಿದ್ಯೆ. ವಿಟಮಿನ್ ಸಿ ಅಪಕರ್ಷಣಕಾರಿ. ಕರಗದ ತುಕ್ಕನ್ನು ಮತ್ತೆ ಕರಗುವ ಕಬ್ಬಿಣವಾಗಿ ಮಾಡುತ್ತದೆ. ಕ್ಲೋರೀನ್ ಇದರ ನೇರ ವಿರುದ್ಧ. ಅದಕ್ಕಾಗಿ ಈ ಎರಡು ಪರೀಕ್ಷೆಗಳನ್ನು ಒಂದೇ ಕಲೆಯ ಮೇಲೆ ಒಟ್ಟಿಗೆ ಮಾಡಬಾರದು.

ಇನ್ನೂ ಒಂದುಂಟು. ತಳದ ಕೆಸರು ಕಪ್ಪಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ, ಸ್ವಲ್ಪ ಕೆಸರನ್ನು ಬಿಳಿ ತಟ್ಟೆಯ ಮೇಲೆ ಗಾಳಿಗೆ ಇಡಿ. ಕ್ರಮೇಣ ಕಪ್ಪು ಹೋಗಿ ಕಂದು ಬಂದರೆ ಅದು ಕಬ್ಬಿಣ ಮತ್ತು ಗಂಧಕ ಸೇರಿದ ಕಪ್ಪು. ಎಲೆಯ ರಾಶಿಯ ಅಡಿಯಲ್ಲಿ ಆಮ್ಲಜನಕ ಪೂರ್ತಿ ಮುಗಿದುಹೋಗಿದೆ ಎಂಬುದಕ್ಕೆ ಅದು ಸಾಕ್ಷಿ.

ಎರಡು ಕಡೆಯ ನಮೂದು

ಬೆಹಾಲಾದ ಕೊಳದ ಮೆಟ್ಟಿಲ ಮೇಲೆ ಈ ಪರೀಕ್ಷೆಗಳನ್ನು ಮಾಡಿದಾಗ ಬಂದ ಉತ್ತರ ಮೊದಲಿಗೆ ಗೊಂದಲ ಹುಟ್ಟಿಸುವಂಥದು. ಕ್ಲೋರೀನ್ ಇಟ್ಟ ಕಡೆ ಕಪ್ಪು ಹೋಯಿತು, ಆದರೆ ಅದರ ಜಾಗದಲ್ಲಿ ಕೆಂಪು ಕಂದು ಉಳಿಯಿತು. ವಿಟಮಿನ್ ಸಿ ಇಟ್ಟ ಕಡೆಯೂ ಕಪ್ಪು ತೆಳುವಾಯಿತು, ಆದರೆ ಹಳದಿ ಕಂದು ನೆರಳು ಉಳಿಯಿತು. ಹಾಗಾದರೆ ಕಲೆ ಎಲೆಯದೋ ಕಬ್ಬಿಣದ್ದೋ?

ಎರಡರದ್ದೂ. ಕೊಳದ ದಂಡೆಯಲ್ಲಿ ಎರಡು ಕಾಡುಬಾದಾಮಿ ಮರಗಳಿವೆ. ಅದರ ಅಗಲವಾದ ಕೆಂಪು ಎಲೆಗಳು ಒಗರು. ಆ ಒಗರಿಗೆ ಕಾರಣ ಟ್ಯಾನಿನ್. ಟೀ ಸೊಪ್ಪಿನಲ್ಲಿ, ಸೀಬೆ ಎಲೆಯಲ್ಲಿ ಇರುವುದೂ ಅದೇ ಬಗೆಯ ಪದಾರ್ಥ. ಟ್ಯಾನಿನ್ ಒಂದೇ ಇದ್ದರೆ ನೀರು ಟೀ ಬಣ್ಣವಾಗುತ್ತದೆ. ಕಬ್ಬಿಣ ಒಂದೇ ಇದ್ದರೆ ತುಕ್ಕು ಬೀಳುತ್ತದೆ. ಎರಡೂ ಸೇರಿದರೆ ಶಾಯಿ. ಹೌದು, ಬರೆಯುವ ಶಾಯಿಯೇ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಬಣ್ಣ ತಯಾರಿಸುವುದು ನಮ್ಮ ದೇಶದಲ್ಲಿ ಹಳೆಯ ವಿದ್ಯೆ. ಯುರೋಪಿನಲ್ಲಿ ಓಕ್ ಮರದ ಗಂಟುಗಳಿಂದ ಇದೇ ರೀತಿ ಮಾಡಿದ ಶಾಯಿಯಲ್ಲಿ ನೂರಾರು ವರ್ಷ ದಸ್ತಾವೇಜು ಬರೆದರು. ಅಳಲೆಯೂ ಕಾಡುಬಾದಾಮಿಯೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಲದ ಮರಗಳು. ಅಡಿಗೆಮನೆಯ ಲೋಟದಲ್ಲಿ ಆದದ್ದೇ ಇಲ್ಲಿ ಎರಡು ವರ್ಷ, ಒಂದೂಕಾಲು ಲಕ್ಷ ಲೀಟರಿನಲ್ಲಿ ಆಗಿತ್ತು.

ಇದು ನಮ್ಮ ಡಬಲ್ ಎಂಟ್ರಿ ಪದ್ಧತಿಯ ಹಾಗೆ. ಒಂದೇ ವ್ಯವಹಾರ, ಎರಡು ಖಾತೆ. ಒಂದು ಖಾತೆಯನ್ನಷ್ಟೇ ಸರಿ ಮಾಡಿದರೆ ತಾಳೆ ಬೀಳುವುದಿಲ್ಲ. ಬರೀ ಬ್ಲೀಚಿಂಗ್ ಹಾಕಿದರೆ ಕಪ್ಪು ಹೋಗಿ ಕೆಂಪು ಉಳಿಯುತ್ತದೆ. ಬರೀ ಆಸಿಡ್ ಹಾಕಿದರೆ ಕಬ್ಬಿಣ ಕರಗಿ ಎಲೆಯ ಬಣ್ಣ ಉಳಿಯುತ್ತದೆ. ಹಿಂದೆ ಕಚೇರಿಗಳಲ್ಲಿ ಶಾಯಿ ಅಳಿಸುವ ದ್ರಾವಣ ಎರಡು ಬಾಟಲಿಗಳಲ್ಲಿ ಬರುತ್ತಿದ್ದುದಕ್ಕೂ ಇದೇ ಕಾರಣ: ಒಂದು ಕಬ್ಬಿಣಕ್ಕೆ, ಇನ್ನೊಂದು ಬಣ್ಣಕ್ಕೆ.

ಆದರೆ ಇಲ್ಲಿ ಪ್ರಾಣದ ಪ್ರಶ್ನೆಯಿದೆ. ಎರಡು ಬೇಕು ಎಂದ ಮಾತ್ರಕ್ಕೆ ಎರಡನ್ನೂ ಒಟ್ಟಿಗೆ ಸುರಿಯಬಾರದು. ಬ್ಲೀಚಿಂಗ್ ಪೌಡರಿಗೆ ಆಸಿಡ್ ತಗುಲಿದರೆ ಕ್ಲೋರೀನ್ ಅನಿಲ ಹೊರಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಖಾಲಿ ಕೊಳಕ್ಕಿಂತ ಹೆಚ್ಚಿನ ತಗ್ಗು ಯಾವುದು? ಅಲ್ಲಿ ಇಳಿದು ತೊಳೆಯುವವನು ಸಭೆಯಲ್ಲಿ ಸಲಹೆ ಕೊಟ್ಟವನಲ್ಲ, ದಿನಗೂಲಿಯ ಮನುಷ್ಯ. ಅವನಿಗೆ ಕೈಗವಸಿಲ್ಲ, ಕನ್ನಡಕವಿಲ್ಲ, ಎರಡು ಡಬ್ಬಿಯ ಮೇಲೂ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಆಮ್ಲ, ಪ್ರತ್ಯಾಮ್ಲ ಎಂದು ಓದಿ ಬಂದ ನನಗೆ ಆ ಡಬ್ಬಿ ನೋಡಿದಾಗ ಅನ್ನಿಸಿದ್ದು, ಇಂಥ ಎಚ್ಚರಿಕೆಯನ್ನು ಕೆಲಸ ಮಾಡುವವನ ಭಾಷೆಯಲ್ಲಿ ಹೇಳದಿದ್ದರೆ ಹೇಳಿದಂತಾಗುವುದಿಲ್ಲ ಎಂದು. ಅಲ್ಲಿನ ಕಾವಲುಗಾರನಿಗೆ ಭಾವ ಬಂಗಾಳಿಯಲ್ಲಿ ಚೀಟಿ ಬರೆದು ಪಂಪಿನ ಕೋಣೆಯ ಬಾಗಿಲಿಗೆ ಅಂಟಿಸಿದರು.

ಖಾಲಿ ಮಾಡುವುದರ ಅಪಾಯ

ಇನ್ನು ಮೊದಲನೆಯ ಸಲಹೆ: ನೀರು ಖಾಲಿ ಮಾಡುವುದು. ಕೇಳಲು ಸರಳ. ಆದರೆ ಬೆಹಾಲಾ ತಗ್ಗಿನ ಪ್ರದೇಶ. ಜೋರು ಮಳೆ ಬಂದರೆ ಬೀದಿಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಅಲ್ಲಿನವರಿಗೆ ಹೊಸದಲ್ಲ. ಮಳೆಗಾಲದಲ್ಲಿ ಮಣ್ಣಿನ ಒಳಗಿನ ನೀರು ನೆಲಮಟ್ಟದ ಹತ್ತಿರಕ್ಕೇ ಬರುತ್ತದೆ. ಆ ನೀರು ಕೊಳದ ತಳವನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಕೊಳ ತುಂಬಿರುವಾಗ ಒಳಗಿನ ನೀರು ಅದನ್ನು ಎದುರಿಸಿ ಒತ್ತುತ್ತದೆ, ಸಮ ಸಮ. ಖಾಲಿ ಮಾಡಿದರೆ ಎದುರಿಸುವವರಿಲ್ಲ.

ಲೆಕ್ಕ ಹಾಕಿ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ. ಸುತ್ತಲಿನ ಅಂತರ್ಜಲ ತಳಕ್ಕಿಂತ ಅರ್ಧ ಮೀಟರ್ ಮೇಲಿದ್ದರೆ ಒತ್ತಡ ಚದರ ಮೀಟರಿಗೆ 500 ಕಿಲೋ. ಗೋಡೆಗಳ ಭಾರ ಅಷ್ಟಿಷ್ಟು ತಡೆಯಬಹುದು; ತಡೆಯದಿದ್ದರೆ ನೆಲ ಬಿರಿಯುತ್ತದೆ, ಇಲ್ಲವೇ ಇಡೀ ಕೊಳವೇ ದೋಣಿಯಂತೆ ಮೇಲೆದ್ದು ವಾಲುತ್ತದೆ. ಒತ್ತಡ ಬಿಡುವ ಕವಾಟವಿರುವ ಕೊಳಗಳಿವೆ. ಇದೆಯೇ, ಇದ್ದರೆ ಕೆಲಸ ಮಾಡುತ್ತದೆಯೇ ಎಂದು ನೋಡದೆ ಮಳೆಗಾಲದಲ್ಲಿ ಕೊಳ ಬತ್ತಿಸುವುದು ಕಲೆ ತೆಗೆಯಲು ಹೋಗಿ ಕೊಳವನ್ನೇ ಕಳೆದುಕೊಳ್ಳುವ ದಾರಿ. ಇದರ ಮೇಲೆ ಆಸಿಡ್ ಸಿಮೆಂಟನ್ನೂ ತಿನ್ನುತ್ತದೆ. ಪ್ರತಿ ಸಲ ತೊಳೆದಾಗ ಗಿಲಾವಿನ ಒಂದು ಪದರ ಹೋಗಿ ಮೇಲ್ಮೈ ಒರಟಾಗುತ್ತದೆ. ಪಾಚಿಗೆ ಕೂರಲು ಇನ್ನೂ ಅನುಕೂಲ.

ಖಾಲಿ ಕೊಳದ ಮೂಲೆಯಲ್ಲಿ ಮಳೆನೀರು ನಿಂತರೆ ಸೊಳ್ಳೆಗೆ ಹಬ್ಬ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇಂಥ ಸಣ್ಣ, ನಿಂತ ನೀರೇ ಪ್ರಿಯ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಒಣಗಿದ ಅಂಚಿನಲ್ಲಿ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿದ್ದು ಮುಂದಿನ ಮಳೆಗೆ ಒಡೆಯುತ್ತವೆ. ಬೆಹಾಲಾದಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದ ಪಿ.ಜಿ. ಆಸ್ಪತ್ರೆಯ ಆವರಣದಲ್ಲಿಯೇ ರೊನಾಲ್ಡ್ ರಾಸ್ 1898ರಲ್ಲಿ ಮಲೇರಿಯಾ ಪರಾವಲಂಬಿ ಸೊಳ್ಳೆಯ ಮೂಲಕ ಹಕ್ಕಿಯಿಂದ ಹಕ್ಕಿಗೆ ದಾಟುವುದನ್ನು ತೋರಿಸಿದ್ದು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಆ ಪಾಠ ಕಲಿತ ಊರಿನಲ್ಲೇ ನಿಂತ ನೀರನ್ನು ಕಡೆಗಣಿಸುವುದು ಸರಿಯಲ್ಲ.

ಮಾಡಬೇಕಾದ ಕ್ರಮ

ಇಷ್ಟು ತಿಳಿದ ಮೇಲೆ ಕ್ರಮ ತಾನಾಗಿ ಹೊಳೆಯುತ್ತದೆ. ಮೊದಲು ಬೇಲಿ. ದಂಡೆಯಲ್ಲಿ ನಿಂತವನಿಗೆ ಕೊಳದ ಅತಿ ಆಳದಲ್ಲಿರುವ ಜಾಲರಿ ಸ್ಪಷ್ಟವಾಗಿ ಕಾಣುವವರೆಗೆ ಯಾರೂ ನೀರಿಗಿಳಿಯಬಾರದು. ಮುಳುಗಿದ ಮಗು ಕಾಣದ ನೀರು ಅದು. ಎರಡನೆಯದು, ಬಲೆಯಿಂದ ಎಲೆ ತೆಗೆಯುವುದು. ಎಲೆ ಒಳಗಿರುವಾಗ ಹಾಕಿದ ಕ್ಲೋರೀನ್ ಎಲ್ಲಾ ಎಲೆಗೇ ಖರ್ಚು. ಮೂರನೆಯದು, ಪಂಪು ರಿಪೇರಿ, ಮರಳಿನ ಶೋಧಕದ ಶುದ್ಧಿ. ನಾಲ್ಕನೆಯದು, ಪಿ.ಎಚ್. ಸರಿಪಡಿಸಿ ಕ್ಲೋರೀನ್ ಏರಿಸುವುದು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ ಸುಮಾರು 30 ಭಾಗ ಕ್ಲೋರೀನ್ ಎಂದು ಹಿಡಿದರೆ, ಈ ಕೊಳದಲ್ಲಿ ಲೀಟರಿಗೆ 1 ಮಿಲಿಗ್ರಾಂ ಏರಿಸಲು 420 ಗ್ರಾಂ ಪುಡಿ, 10 ಮಿಲಿಗ್ರಾಂ ಏರಿಸಲು 4.2 ಕಿಲೋ ಬೇಕು. ತೇವ ತಗುಲಿ ಹಳೆಯದಾದ ಪುಡಿಯ ಶಕ್ತಿ ಅರ್ಧಕ್ಕಿಳಿದಿದ್ದರೆ ಇದರ ಎರಡರಷ್ಟು. ಮೂಟೆಯ ಲೆಕ್ಕ ಇದಕ್ಕೆ ಸಲ್ಲದು.

ಈ ಹಂತದಲ್ಲಿ ನೀರು ಇನ್ನಷ್ಟು ಕೆಂಪಾಗುತ್ತದೆ. ಹೆದರಬಾರದು, ಕಬ್ಬಿಣ ಈಗ ಸೋಸಲು ಸಿಗುವ ರೂಪಕ್ಕೆ ಬಂದಿದೆ. ಶೋಧಕದಲ್ಲಿ ಹಿಡಿದು, ತಳಕ್ಕೆ ಕೂತದ್ದನ್ನು ಎಳೆದು ಹೊರಗೆ ಹಾಕಬೇಕು. ಐದನೆಯದಾಗಿ, ಕ್ಲೋರೀನ್ ಪೂರ್ತಿ ಇಳಿದ ಮೇಲೆ, ಉಳಿದ ತುಕ್ಕಿನ ಕಲೆಗೆ ವಿಟಮಿನ್ ಸಿ ಪುಡಿ. ಇಲ್ಲಿ ಒಂದು ಸೂಕ್ಷ್ಮವಿದೆ. ಕಲೆ ಹೋಯಿತು, ಆದರೆ ಕಬ್ಬಿಣ ಹೋಗಲಿಲ್ಲ. ಗೋಡೆಯ ಖಾತೆಯಿಂದ ನೀರಿನ ಖಾತೆಗೆ ವರ್ಗವಾಯಿತು, ಅಷ್ಟೆ. ಮಾರನೆಯ ದಿನವೇ ಕ್ಲೋರೀನ್ ಸುರಿದರೆ ಅದು ಮತ್ತೆ ಗೋಡೆಗೆ ಬರುತ್ತದೆ. ಲೋಹವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ದ್ರಾವಣ ಹಾಕಿ, ಸ್ವಲ್ಪ ಸ್ವಲ್ಪವಾಗಿ ನೀರು ಬದಲಾಯಿಸುತ್ತಾ, ಕ್ಲೋರೀನನ್ನು ನಿಧಾನವಾಗಿ ಏರಿಸಬೇಕು.

ಕೊನೆಯದು, ಕಾರಣವನ್ನೇ ಕಟ್ಟುವುದು. ಕೊಳದ ಮೇಲೆ ಚಾಚಿದ ಕೊಂಬೆ ಸವರಬೇಕು, ಎಲೆ ಉದುರುವ ತಿಂಗಳುಗಳಲ್ಲಿ ಬಲೆ ಹೊದಿಸಬೇಕು. ಟ್ಯೂಬ್‌ವೆಲ್ ನೀರನ್ನು ನೇರ ಬಿಡದೆ, ಮೊದಲು ತೊಟ್ಟಿಯಲ್ಲಿ ಗಾಳಿಗೆ ಬೀಳಿಸಿ, ಮರಳಿನಲ್ಲಿ ಸೋಸಿ ಬಿಡಬೇಕು. ಇವಿಷ್ಟು ಮಾಡದಿದ್ದರೆ ಮೇಲಿನ ಐದೂ ಹಂತ ಪ್ರತಿ ವರ್ಷದ ಖರ್ಚು.

ವಠಾರದವರು ಮಳೆಗಾಲದಲ್ಲಿ ಖಾಲಿ ಮಾಡಿಸುವ ಮಾತು ಬಿಟ್ಟರು. ನಾನು ಹೊರಡುವ ಹೊತ್ತಿಗೆ ಎಲೆ ತೆಗೆದಾಗಿತ್ತು, ಪಂಪು ತಿರುಗುತ್ತಿತ್ತು, ಮೆಟ್ಟಿಲ ಕಲೆ ಕಪ್ಪಿನಿಂದ ಕಂದಿಗೆ ಬಂದಿತ್ತು. ಆಮೇಲೆ ಅಕ್ಕ ಫೋನಿನಲ್ಲಿ ಹೇಳಿದ ಪ್ರಕಾರ ತಳದ ಜಾಲರಿ ಕಾಣುತ್ತದೆ. ಆಳದ ಕಡೆ ಕಲೆ ಇನ್ನೂ ಉಳಿದಿದೆ. ಮಣ್ಣು ತುಂಬಿಸುವ ಮಾತು ಸದ್ಯಕ್ಕೆ ನಿಂತಿದೆ. ಮಿಹಿರ್ ಸೇನ್ 1958ರಲ್ಲಿ, ಆರತಿ ಸಾಹಾ 1959ರಲ್ಲಿ ಇಂಗ್ಲಿಷ್ ಕಾಲುವೆ ಈಜಿದರು. ಅಂಥವರ ಊರಿನ ಮಕ್ಕಳಿಗೆ ಒಂದು ಶಾಯಿ ಕಲೆಯ ಕಾರಣಕ್ಕೆ ಈಜು ತಪ್ಪಬಾರದು.

ಈಜುಕೊಳ ನಮ್ಮಲ್ಲಿ ಎಲ್ಲರ ಮನೆಯಲ್ಲಿಲ್ಲ, ನಿಜ. ಆದರೆ ಹಾಸ್ಟೆಲಿನ ನೀರಿನ ತೊಟ್ಟಿ ಇದೆ, ಊರಿನ ಕಲ್ಯಾಣಿ ಇದೆ, ಬಚ್ಚಲಿನ ಬಿಳಿ ಪದರ ಇದೆ. ಮುಂದಿನ ಸಲ ಅವುಗಳ ಮೇಲೆ ಕಲೆ ಕಂಡಾಗ ಮಿತ್ರರು ಎಲ್ಲಿದೆ, ಯಾವ ಬಣ್ಣ, ಉಜ್ಜಿದರೆ ಏನಾಗುತ್ತದೆ, ನೀರು ಎಲ್ಲಿಂದ ಬರುತ್ತದೆ ಎಂದು ನಾಲ್ಕು ಸಾಲು ಗುರುತು ಹಾಕಿಕೊಳ್ಳಲಿ. ನಮ್ಮ ನಮ್ಮ ಊರಿನ ನೀರಿನ ಗುಣವನ್ನು ಹೀಗೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಟ್ಟುಮಾಡಿ ಪ್ರಕಟಿಸಬಹುದು ಎಂದು ಸಂಪಾದಕರು ಒಪ್ಪಿದ್ದಾರೆ.